ಬಾಡಿಗೆಯವರು ಮನೆ ತೆರಿಗೆ ಕಟ್ಟುವುದೇ ಇಲ್ಲವಂತೆ!

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಬರೆದೂ ಇಟ್ಟಿದ್ದೆ. ಆದರೆ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಹಿಂದಿನ ವೀಡಿಯೊದ ಕಮೆಂಟ್ ಓದಲು ಕೂತೆ. ಕಾಫಿ ತಣ್ಣಗಾಯಿತು, ನಾನು ಬಿಸಿಯಾದೆ.

ಹಿಂದಿನ ಸಲ ನಾನು ಹೇಳಿದ್ದು ಇಷ್ಟೇ. ನಾವಿರುವ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 65 ದಾಟಿದವರಿಗೆ, ಆದಾಯ ಕಡಿಮೆ ಇದ್ದರೆ, ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ಸ್ವಂತ ಮನೆ ಇರುವವರಿಗೂ ಬರುತ್ತದೆ, ಬಾಡಿಗೆಗೆ ಇರುವವರಿಗೂ ಬರುತ್ತದೆ. ನಿಮ್ಮ ಅಕ್ಕಪಕ್ಕದಲ್ಲಿ ವಯಸ್ಸಾದವರು ಇದ್ದರೆ ಅವರಿಗೆ ಹೇಳಿ. ಇದರಲ್ಲಿ ತಪ್ಪೇನಿದೆ?

ಅದಕ್ಕೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಬಾಡಿಗೆಯವರು ಆಸ್ತಿ ತೆರಿಗೆ ಕಟ್ಟುವುದೇ ಇಲ್ಲ. ಕಟ್ಟದ ತೆರಿಗೆಯನ್ನು ವಾಪಸ್ ಕೊಡುವುದು ಯಾವ ನ್ಯಾಯ?" ಕೆಳಗೆ ಒಂದು ನಗುವ ಮುಖ ಬೇರೆ.

ಸರ್, ಬಾಡಿಗೆಯವರು ತೆರಿಗೆ ಕಟ್ಟುತ್ತಾರೆ. ಬಾಡಿಗೆಯ ಒಳಗೇ ಕಟ್ಟುತ್ತಾರೆ. ರಸೀದಿ ಮಾತ್ರ ಮಾಲೀಕರ ಹೆಸರಿನಲ್ಲಿ ಇರುತ್ತದೆ. ಇವತ್ತಿನ ಇಡೀ ವೀಡಿಯೊ ಈ ಮೂರು ವಾಕ್ಯವೇ. ಅವಸರ ಇದ್ದವರು ಈಗಲೇ ಹೋಗಬಹುದು. ಹೋಗುವ ಮೊದಲು ಸಬ್‌ಸ್ಕ್ರೈಬ್ ಒತ್ತಿ.

ಹೋಗಲಿಲ್ವಾ? ಹಾಗಾದರೆ ಕೇಳಿ.

ನನ್ನ ಮಾತು ಬಿಡಿ, ಸರ್ಕಾರದ ಫಾರಂ ಏನು ಹೇಳುತ್ತದೆ ನೋಡೋಣ. ಪೆನ್ಸಿಲ್ವೇನಿಯಾದ ಈ ಯೋಜನೆ 1971ರಿಂದ ಇದೆ. ಹೆಸರೇ "ಪ್ರಾಪರ್ಟಿ ಟ್ಯಾಕ್ಸ್ ಅಥವಾ ರೆಂಟ್ ರಿಬೇಟ್". ರಿಬೇಟ್ ಅಂದರೆ ವಾಪಸ್ ಬರುವ ದುಡ್ಡು. ಹೆಸರಲ್ಲೇ ರೆಂಟ್ ಇದೆ! 65 ಆದವರಿಗೆ ಕೊಡುತ್ತಾರೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ 50ಕ್ಕೇ ಕೊಡುತ್ತಾರೆ. ಅಂಗವೈಕಲ್ಯ ಇದ್ದವರಿಗೆ 18ರಿಂದಲೇ. ಬಾಡಿಗೆಯವರು ಅರ್ಜಿ ಹಾಕುವಾಗ ಒಂದು ಷರತ್ತು ಇದೆ. ಏನು ಗೊತ್ತಾ? ಆ ಕಟ್ಟಡದ ಮೇಲೆ ಮಾಲೀಕರು ಆಸ್ತಿ ತೆರಿಗೆ ಕಟ್ಟಬೇಕಾಗಿರಬೇಕು, ಇಲ್ಲವೇ ಅದರ ಬದಲಿಗೆ ಬೇರೆ ರೂಪದಲ್ಲಿ ದುಡ್ಡು ಕಟ್ಟಿರಬೇಕು. ತೆರಿಗೆಯೇ ಇಲ್ಲದ ಕಟ್ಟಡದಲ್ಲಿ ಬಾಡಿಗೆಗೆ ಇದ್ದರೆ ರಿಬೇಟ್ ಇಲ್ಲ.

ಅಂದರೆ ಏನಾಯಿತು? ತೆರಿಗೆ ಇದ್ದರೆ ಅದು ಬಾಡಿಗೆಯ ಒಳಗೆ ಬಂದಿರುತ್ತದೆ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಕಾನೂನಿಗೆ ಅರ್ಥವಾಗಿದ್ದು ನಮ್ಮ ಮಹಾನುಭಾವರಿಗೆ ಅರ್ಥವಾಗಿಲ್ಲ.

ಎಷ್ಟು ಭಾಗ ಅಂತಲೂ ಲೆಕ್ಕ ಇದೆ. ಪೆನ್ಸಿಲ್ವೇನಿಯಾ ಬಾಡಿಗೆಯ ಶೇಕಡಾ 20ನ್ನು ತೆರಿಗೆ ಅಂತ ಎಣಿಸುತ್ತದೆ. ಮಿಷಿಗನ್ 23 ಅನ್ನುತ್ತದೆ. ಮ್ಯಾಸಚೂಸೆಟ್ಸ್ 25. ನ್ಯೂಜೆರ್ಸಿ 18. ಮಿನೆಸೋಟ 17. ಒಬ್ಬೊಬ್ಬರದು ಒಂದೊಂದು ತಕ್ಕಡಿ. ಇಷ್ಟರಲ್ಲಿ ಸೊನ್ನೆ ಅಂದವರು ಯಾರಾದರೂ ಇದ್ದಾರಾ? ಇಲ್ಲ. ಸೊನ್ನೆ ಅಂದವರು ಒಬ್ಬರೇ, ನನ್ನ ಕಮೆಂಟ್ ಬಾಕ್ಸಿನಲ್ಲಿ ಇದ್ದಾರೆ.

ಸುಲಭದ ಲೆಕ್ಕ ಮಾಡೋಣ. ತಿಂಗಳಿಗೆ 1,000 ಡಾಲರ್ ಬಾಡಿಗೆ. ವರ್ಷಕ್ಕೆ 12,000. ಅದರಲ್ಲಿ ಶೇಕಡಾ 20 ಅಂದರೆ 2,400 ಡಾಲರ್. ವಾಪಸ್ ಸಿಗುವುದು, ಅತಿ ಕಡಿಮೆ ಆದಾಯದವರಿಗೂ, ಜಾಸ್ತಿ ಅಂದರೆ 1,000. ಅರ್ಧವೂ ಇಲ್ಲ. ಇದಕ್ಕೆ "ಬಿಟ್ಟಿ ದುಡ್ಡು" ಅಂತ ಇನ್ನೊಬ್ಬರು ಬರೆದಿದ್ದಾರೆ. ಅವರಿಗೆ ಉತ್ತರ ಕೊಡುವುದಿಲ್ಲ. ಅವರ ಪ್ರೊಫೈಲ್ ಚಿತ್ರದಲ್ಲಿ ದೋಣಿ ಇದೆ.

ಇಲ್ಲಿ ಒಂದು ಸಣ್ಣ ಜಾಹೀರಾತು. ಯಾರೋ ಕಂಪನಿಯದಲ್ಲ, ನಂದೇ. ಚಾನೆಲ್ ಸದಸ್ಯರಿಗೆ ಈ ಲೆಕ್ಕದ ಶೀಟ್ ಮಾಡಿಟ್ಟಿದ್ದೇನೆ. ಬಾಡಿಗೆ ಹಾಕಿದರೆ ತೆರಿಗೆ ಪಾಲು ತಾನೇ ಬರುತ್ತದೆ. ಮೊನ್ನೆ ಅದರಲ್ಲಿ ಒಂದು ತಪ್ಪಿತ್ತು, ಎಲ್ಲರ ಬಾಡಿಗೆಯೂ ಮೈನಸ್ ತೋರಿಸುತ್ತಿತ್ತು. ಖುಷಿಪಟ್ಟವರು ಕ್ಷಮಿಸಿ. ಈಗ ಸರಿ ಇದೆ.

ಈಗ ನಮ್ಮ ಕೆಳಗಿನ ಮನೆಯ ಅಜ್ಜಿಯ ಕಥೆ. ವಯಸ್ಸು 78. ಒಬ್ಬರೇ ಇದ್ದಾರೆ. ಹೋದ ವರ್ಷ ಅವರ ಫಾರಂ ತುಂಬಲು ನಾನೇ ಕೂತೆ. ಪಿಎ-1000 ಅಂತ ಅದರ ಹೆಸರು. ಬಾಡಿಗೆಯವರಾದರೆ ಅದರ ಜೊತೆ ಒಂದು ಬಾಡಿಗೆ ಸರ್ಟಿಫಿಕೇಟ್ ಬೇಕು, ಅದಕ್ಕೆ ಮಾಲೀಕರ ಸಹಿ ಬೇಕು. ಕಟ್ಟಡದ ಆಫೀಸಿಗೆ ಹೋದೆವು. "ನಾಳೆ ಬನ್ನಿ." ನಾಳೆ ಹೋದೆವು. "ಸಹಿ ಹಾಕುವವರು ರಜೆ." ಹೀಗೆ ಮೂರು ವಾರ. ಕೊನೆಗೆ ಅಲ್ಲಿ ಕೂತಿದ್ದವರು ಏನಂದರು ಗೊತ್ತಾ? "ತೆರಿಗೆ ಕಟ್ಟುವುದು ನಾವು. ಇವರಿಗೆ ಯಾಕೆ ಈ ಕಾಗದ?"

ಅಜ್ಜಿ ಏನೂ ಮಾತಾಡಲಿಲ್ಲ. ಕೈಚೀಲ ತೆಗೆದರು. ಅದರಿಂದ ಮಡಚಿಟ್ಟ ಒಂದು ಪತ್ರ ತೆಗೆದರು. ಅದೇ ಆಫೀಸಿನಿಂದ ಬಂದ ಪತ್ರ. ಮುಂದಿನ ತಿಂಗಳಿಂದ ಬಾಡಿಗೆ 60 ಡಾಲರ್ ಜಾಸ್ತಿ. ಕಾರಣ? ಆಸ್ತಿ ತೆರಿಗೆ ಏರಿದೆ! ಅವರೇ ಟೈಪ್ ಮಾಡಿದ್ದಾರೆ, ಅವರೇ ಸಹಿ ಹಾಕಿದ್ದಾರೆ. ಆ ಪತ್ರಕ್ಕೆ ಸಹಿ ಹಾಕುವಾಗ ಯಾರೂ ರಜೆಯಲ್ಲಿ ಇರಲಿಲ್ಲ.

ಹತ್ತು ನಿಮಿಷದಲ್ಲಿ ಸರ್ಟಿಫಿಕೇಟ್ ಕೈಗೆ ಬಂತು. ಇನ್ನೊಂದು ವಿಷಯ: ಮಾಲೀಕರು ಸಹಿ ಹಾಕದೇ ಹೋದರೂ ದಾರಿ ಇದೆ. ಬಾಡಿಗೆಯವರೇ ತುಂಬಿ ಕೊಡುವ ಒಂದು ಅಫಿಡವಿಟ್ ಅದೇ ಕಾಗದದ ಜೊತೆಗಿದೆ. ಇದು ನನಗೆ ಗೊತ್ತಾಗಿದ್ದು ಮೂರು ವಾರ ಅಲೆದ ಮೇಲೆ. ನೀವು ಅಲೆಯಬೇಡಿ. ಅರ್ಜಿಗೆ ಫೀ ಇಲ್ಲ. ಯಾರಾದರೂ ಫೀ ಕೇಳಿದರೆ ಎದ್ದು ಬನ್ನಿ.

ಬಾಡಿಗೆ ಏರಿಸುವಾಗ ತೆರಿಗೆ ಬಾಡಿಗೆಯವರದು. ರಿಬೇಟ್ ಬರುವಾಗ ತೆರಿಗೆ ಮಾಲೀಕರದು. ಚೆನ್ನಾಗಿದೆ ಅಲ್ವಾ?

ಈಗ ಕೆಲವು ಬುದ್ಧಿವಂತರು ಬರುತ್ತಾರೆ. "ಸರ್, ಮಾಲೀಕರಿಗೆ ತೆರಿಗೆ ಕಡಿಮೆ ಮಾಡಿ, ಬಾಡಿಗೆ ತಾನೇ ಇಳಿಯುತ್ತದೆ." ಆಹಾ. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ಮಾತು ಹೇಳಿದ್ದರು. ಪ್ರಪೊಸಿಷನ್ 13 ಅಂತ, ಜನರ ಮತಕ್ಕೆ ಹಾಕಿದ ಒಂದು ಕಾನೂನು. ಆಸ್ತಿ ತೆರಿಗೆಗೆ ಶೇಕಡಾ 1ರ ಮಿತಿ, ತೆರಿಗೆ ಲೆಕ್ಕಕ್ಕೆ ಹಿಡಿಯುವ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ. ಇದು ಬಂದರೆ ಬಾಡಿಗೆಯವರಿಗೂ ಲಾಭ ಅಂತ ಪ್ರಚಾರ ಮಾಡಿದರು. ಗೆದ್ದರು. ತೆರಿಗೆ ಧಡಾರನೆ ಇಳಿಯಿತು. ಬಾಡಿಗೆ? ಎಷ್ಟೋ ಕಡೆ ಇಳಿಯಲೇ ಇಲ್ಲ. ಜನ ಎಷ್ಟು ಸಿಟ್ಟಾದರು ಅಂದರೆ, ಲಾಸ್ ಏಂಜಲೀಸ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1979ರ ಹೊತ್ತಿಗೆ ಬಾಡಿಗೆ ನಿಯಂತ್ರಣದ ಕಾನೂನೇ ಬಂತು. ತಾನೇ ಇಳಿಯುತ್ತದಂತೆ! ಬಾಡಿಗೆ ಲಿಫ್ಟ್ ಅಲ್ಲ ಸ್ವಾಮಿ, ಏಣಿ. ಅದನ್ನು ಯಾರಾದರೂ ಹಿಡಿದು ಇಳಿಸಬೇಕು.

ಆ ರಾಜ್ಯದಲ್ಲಿ ಬಾಡಿಗೆಯವರಿಗೆ ಒಂದು ಟ್ಯಾಕ್ಸ್ ಕ್ರೆಡಿಟ್ ಇದೆ, ಅಂದರೆ ಆದಾಯ ತೆರಿಗೆಯಲ್ಲಿ ಕಡಿತ. ಎಷ್ಟು ಹೇಳಿ? ಒಬ್ಬರಿಗೆ 60 ಡಾಲರ್. ವರ್ಷಕ್ಕೆ. ತಿಂಗಳಿಗಲ್ಲ. ವರ್ಷಕ್ಕೆ.

ಇನ್ನೊಬ್ಬರು ಅರ್ಥಶಾಸ್ತ್ರ ಓದಿದವರು. "ತೆರಿಗೆ ಪೂರ್ತಿ ಬಾಡಿಗೆಯವರ ಮೇಲೆ ಬೀಳುವುದಿಲ್ಲ, ಒಂದು ಭಾಗ ಮಾತ್ರ" ಅಂತ ಉದ್ದಕ್ಕೆ ಬರೆದಿದ್ದಾರೆ. ಸರಿ ಸರ್, ಒಂದು ಭಾಗ. ಒಂದು ಭಾಗ ಅಂದರೂ ಸೊನ್ನೆ ಅಲ್ಲವಲ್ಲ. ನೀವು ನನ್ನ ಪರ ಮಾತಾಡುತ್ತಿದ್ದೀರಿ ಅಂತ ನಿಮಗೇ ಗೊತ್ತಿಲ್ಲ. ಥ್ಯಾಂಕ್ಸ್.

"ನಮ್ಮ ತೆರಿಗೆ ದುಡ್ಡು ಇವರಿಗೆ ಯಾಕೆ?" ಅದೂ ಬಂದಿದೆ. ಪೆನ್ಸಿಲ್ವೇನಿಯಾದ ರಿಬೇಟ್‌ಗೆ ದುಡ್ಡು ಬರುವುದು ಮುಖ್ಯವಾಗಿ ಲಾಟರಿಯಿಂದ, ಜೊತೆಗೆ ಕ್ಯಾಸಿನೊ ಆದಾಯ. ನೀವು ವಾರವಾರ ಟಿಕೆಟ್ ಉಜ್ಜುವವರಾದರೆ ಹೇಳಿ, ನಿಮಗೆ ನಾನೇ ಕೈ ಮುಗಿಯುತ್ತೇನೆ.

ಸರಿ, ಈಗ ನಿಜವಾಗಿ ಹೊಟ್ಟೆ ಉರಿಸುವ ವಿಷಯ. 2023ರ ತನಕ ಇದೇ ಯೋಜನೆಯಲ್ಲಿ ಸ್ವಂತ ಮನೆಯವರಿಗೆ ಆದಾಯದ ಮಿತಿ 35,000 ಡಾಲರ್ ಇತ್ತು. ಬಾಡಿಗೆಯವರಿಗೆ? 15,000! ಅದೇ ವಯಸ್ಸು, ಅದೇ ಬೀದಿ, ಅದೇ ಮಂಡಿನೋವು. ಸ್ವಂತ ಮನೆ ಇರುವವರ ಆದಾಯ 30,000 ಇದ್ದರೆ "ಪಾಪ, ಕಷ್ಟ". ಮನೆ ಇಲ್ಲದವರ ಆದಾಯ 16,000 ಇದ್ದರೆ "ನಿಮಗೇನ್ರೀ, ಶ್ರೀಮಂತರು". ಯಾರು ಕೂತು ಬರೆದರೋ ಇದನ್ನು. 2023ರಲ್ಲಿ ಕಾನೂನು ಬದಲಾಯಿತು. ಇಬ್ಬರಿಗೂ ಒಂದೇ ಮಿತಿ, 45,000. ಅದು ಬೆಲೆ ಏರಿಕೆಯ ಜೊತೆ ಏರುತ್ತಾ ಹೋಗುತ್ತದೆ. ಸೋಷಿಯಲ್ ಸೆಕ್ಯುರಿಟಿಯ, ಅಂದರೆ ಸರ್ಕಾರ ಕೊಡುವ ಪಿಂಚಣಿಯ, ಅರ್ಧವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 650 ಇದ್ದ ಗರಿಷ್ಠ ಮೊತ್ತ 1,000 ಆಯಿತು. ಕೊನೆಗೂ ಯಾರಿಗೋ ಬುದ್ಧಿ ಬಂತು.

ಪಕ್ಕದ ನ್ಯೂಜೆರ್ಸಿಗೆ ಇನ್ನೂ ಬಂದಿಲ್ಲ. ಅಲ್ಲಿ ಅದೇ 2023ರಲ್ಲಿ ಸ್ಟೇ ಎನ್‌ಜೆ ಅಂತ ಕಾನೂನು ಮಾಡಿದರು. 65 ದಾಟಿದವರ ಮನೆ ತೆರಿಗೆಯಲ್ಲಿ ಅರ್ಧ ವಾಪಸ್, 6,500 ಡಾಲರ್ ತನಕ. ಆದಾಯ 5 ಲಕ್ಷ ಡಾಲರ್ ಒಳಗಿದ್ದರೆ ಸಾಕು. ಐದು ಲಕ್ಷ! ರೂಪಾಯಿ ಅಲ್ಲ, ತಪ್ಪು ಕೇಳಿಸಿಕೊಳ್ಳಬೇಡಿ. ಬಾಡಿಗೆಯವರಿಗೆ ಇದರಲ್ಲಿ ಜಾಗವೇ ಇಲ್ಲ. ಅವರಿಗೆ ಬೇರೆ ಯೋಜನೆ, ಆಂಕರ್ ಅಂತ. ಅದರಲ್ಲಿ 450, ವಯಸ್ಸಾದವರಿಗೆ ಇನ್ನೊಂದು 250. ಬಾಡಿಗೆಯ ಶೇಕಡಾ 18 ತೆರಿಗೆ ಅಂತ ಬೇರೆ ಕಡೆ ಒಪ್ಪಿಕೊಂಡ ರಾಜ್ಯವೇ ಇದು. ಒಂದು ಕೈಯಲ್ಲಿ ಬರೆದದ್ದನ್ನು ಇನ್ನೊಂದು ಕೈ ಓದುವುದಿಲ್ಲ.

ಟೆಕ್ಸಸ್ ಬಗ್ಗೆ ಮಾತಾಡಲೇಬಾರದು ಅಂದುಕೊಂಡಿದ್ದೆ. ಅಲ್ಲಿ ಮನೆ ಮಾಲೀಕರಿಗೆ 65 ಆದರೆ ಆಸ್ತಿ ತೆರಿಗೆಯಲ್ಲಿ ಶಾಲೆಗಳಿಗೆ ಹೋಗುವ ಭಾಗದ ಮೊತ್ತ ಅಲ್ಲೇ ನಿಲ್ಲುತ್ತದೆ, ಮೇಲೇರುವುದಿಲ್ಲ. ಒಳ್ಳೆಯದೇ. ಬಾಡಿಗೆಗೆ ಇರುವವರಿಗೆ 65 ಆದರೆ? ಹ್ಯಾಪಿ ಬರ್ತ್‌ಡೇ.

ಬಾಡಿಗೆಯವರು ತೆರಿಗೆ ಕಟ್ಟುತ್ತಾರೆ! ಬಾಡಿಗೆಯ ಒಳಗೇ ಕಟ್ಟುತ್ತಾರೆ! ಇದನ್ನು ಕಪ್ ಮೇಲೆ ಪ್ರಿಂಟ್ ಮಾಡಿಸಿದ್ದೇನೆ, ನೋಡಿ. (ಕಪ್ ಎತ್ತಿ ತೋರಿಸುವುದು.) "ಒಳಗೇ" ಅನ್ನುವುದು "ಒಳಗ" ಅಂತ ಪ್ರಿಂಟ್ ಆಗಿದೆ. ಪರವಾಗಿಲ್ಲ, ಉತ್ತರ ಕರ್ನಾಟಕದವರು ಜಾಸ್ತಿ ಖರೀದಿ ಮಾಡುತ್ತಿದ್ದಾರೆ.

ಇನ್ನೂ ಎರಡು ಕಾರಣ ಬರೆದಿಟ್ಟಿದ್ದೆ. ಹಾಳೆ ಎಲ್ಲಿ ಹೋಯಿತು? ಇರಲಿ ಬಿಡಿ. 1964ರಲ್ಲೇ ವಿಸ್ಕಾನ್ಸಿನ್ ಇಂಥ ಯೋಜನೆ ಶುರು ಮಾಡಿತು, ಬಾಡಿಗೆಯವರನ್ನೂ ಸೇರಿಸಿಕೊಂಡಿತು, ಅಂತ ಏನೋ ಹೇಳುವುದಿತ್ತು. ಹೇಳಿಯಾಯಿತಲ್ಲ. ಅರವತ್ತು ವರ್ಷ ಆಯಿತು ಸ್ವಾಮಿ! ಆಗ ಹುಟ್ಟಿದ ಮಗು ಈಗ ಹಿರಿಯ ನಾಗರಿಕರು. ನಮ್ಮ ಮಹಾನುಭಾವರು ಇನ್ನೂ ನಗುವ ಮುಖ ಹಾಕುತ್ತಾ ಕೂತಿದ್ದಾರೆ.

ಒಂದ್ನಿಮಿಷ. ನನ್ನಾಕೆ ಫೋನ್ ತೋರಿಸುತ್ತಿದ್ದಾರೆ. ಅದೇ ಮನುಷ್ಯ ಇನ್ನೊಂದು ಕಮೆಂಟ್ ಹಾಕಿದ್ದಾರಂತೆ. ಓದುತ್ತೇನೆ. "ನನಗೆ ಪಿಟ್ಸ್‌ಬರ್ಗ್ ಹತ್ತಿರ ಮೂರು ಬಾಡಿಗೆ ಮನೆ ಇವೆ. ತೆರಿಗೆ ಏರಿದ್ದರಿಂದ ಈ ವರ್ಷ ಬಾಡಿಗೆ ಏರಿಸಲೇಬೇಕಾಯಿತು. ಮಾಲೀಕರ ಕಷ್ಟ ನಿಮಗೆ ಗೊತ್ತಿಲ್ಲ."

...

ಇನ್ನೊಂದು ಸಲ ಓದಲಾ? "ತೆರಿಗೆ ಏರಿದ್ದರಿಂದ ಬಾಡಿಗೆ ಏರಿಸಲೇಬೇಕಾಯಿತು."

ಸರ್, ಈ ಕಮೆಂಟನ್ನು ಮೇಲಕ್ಕೆ ಪಿನ್ ಮಾಡುತ್ತಿದ್ದೇನೆ. ದಯವಿಟ್ಟು ಡಿಲೀಟ್ ಮಾಡಬೇಡಿ. ನಿಮ್ಮ ಮೂರು ಮನೆಯಲ್ಲಿ 65 ದಾಟಿದವರು ಯಾರಾದರೂ ಇದ್ದಾರಾ? ಇದ್ದರೆ ಅವರ ಸರ್ಟಿಫಿಕೇಟ್‌ಗೆ ಸಹಿ ಹಾಕಿದಿರಾ? ಕೊನೆಯ ದಿನ ಜೂನ್ 30. ಪೆನ್ ಇಲ್ಲದಿದ್ದರೆ ನಾನೇ ಕಳಿಸುತ್ತೇನೆ, ಕಪ್ ಜೊತೆಗೆ.