ಕುಣಿತದ ತಾಳ, ಅಳುವ ದನಿ: ಜಿಮ್ಮಿ ಸೋಮರ್‌ವಿಲ್

ಕೇಳುಗರೆಲ್ಲರಿಗೂ ನಮಸ್ಕಾರ. ಡಾನ್ಸ್ ಮ್ಯೂಸಿಕ್ ಅಂದ ಕೂಡಲೇ ‘ಬರೀ ಡಬಡಬ, ಅದರಲ್ಲೇನಿದೆ’ ಎಂದು ರೇಡಿಯೊದ ಕಿವಿ ಹಿಂಡುವವರು ಬಹಳ ಜನ. ಇವತ್ತೊಂದು ದಿನ ಹಿಂಡಬೇಡಿ. ಕುಣಿಸುವ ಹಾಡಿನೊಳಗೂ ಅಳು ಇರುತ್ತದೆ. ನಾನು ಹೇಳಲು ಬಂದಿರುವುದು ಇಷ್ಟೇ, ಇದನ್ನೇ ಇನ್ನೆರಡು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಇದಕ್ಕೆ ನನ್ನ ಸಾಕ್ಷಿ ಪಾಪ್ ಗಾಯಕ ಜಿಮ್ಮಿ ಸೋಮರ್‌ವಿಲ್. ಹುಟ್ಟಿದ್ದು 1961ರಲ್ಲಿ, ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ಗಿಡ್ಡ ದೇಹ, ಮೋಟಾಗಿ ಕತ್ತರಿಸಿದ ಕೂದಲು. ಬಾಯಿ ತೆರೆದರೆ ಮಾತ್ರ ಹೆಂಗಸರ ಶ್ರುತಿಗೆ ಸಲೀಸಾಗಿ ಏರುವ ದನಿ. ನಮ್ಮ ಸಂಗೀತದ ಮೇಷ್ಟ್ರುಗಳು ಇಂಥದ್ದನ್ನು ‘ಕಳ್ಳದನಿ’ ಎಂದು ಗದರಿ ಬಿಡಿಸುತ್ತಾರೆ. ಈತ ಬಿಡಲಿಲ್ಲ, ಅದರಲ್ಲೇ ಅನ್ನ ದುಡಿದ.

ಈತ ಸಲಿಂಗಕಾಮಿ, ಅದನ್ನೆಂದೂ ಮುಚ್ಚಿಡಲಿಲ್ಲ. ಗಂಡಸರಿಬ್ಬರ ಸಂಬಂಧ ಸ್ಕಾಟ್‌ಲೆಂಡಿನಲ್ಲಿ 1980ರ ಕಾಯ್ದೆ ಬರುವವರೆಗೂ ಅಪರಾಧವಾಗಿತ್ತು. ಹುಡುಗ ಊರು ಬಿಟ್ಟು ಲಂಡನ್ ಸೇರಿದ. 1983ರಲ್ಲಿ ಇಬ್ಬರು ಗೆಳೆಯರ ಜೊತೆ ಬ್ರಾನ್‌ಸ್ಕಿ ಬೀಟ್ ಎಂಬ ತಂಡ ಕಟ್ಟಿದ. ಮರುವರ್ಷ ಬಂದ ‘ಸ್ಮಾಲ್‌ಟೌನ್ ಬಾಯ್’ ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೇರಿತು.

ಆ ಹಾಡಿನ ವಿಡಿಯೊ ನಾನು ನೋಡಿದ್ದು ಗೆಳೆಯನ ಕೋಣೆಯಲ್ಲಿ, ಸವೆದ ವಿಸಿಆರ್ ಟೇಪಿನಲ್ಲಿ. ಕಥೆ ಸಣ್ಣದು. ಈಜುಕೊಳದಲ್ಲಿ ಒಬ್ಬನನ್ನು ನೋಡಿ ಮನಸೋತಿದ್ದಕ್ಕೆ ಪುಂಡರ ಗುಂಪು ಹುಡುಗನನ್ನು ಬಡಿಯುತ್ತದೆ. ಪೊಲೀಸರು ಮನೆಗೆ ತಂದು ಬಿಡುತ್ತಾರೆ. ವಿಷಯ ಮನೆಯವರಿಗೆ ತಿಳಿದುಹೋಯಿತಲ್ಲ, ಹುಡುಗ ಹೊರಟು ನಿಲ್ಲುತ್ತಾನೆ. ಅಪ್ಪ ದುಡ್ಡು ಕೊಡುತ್ತಾನೆ. ಮಗ ಕೈ ಚಾಚುತ್ತಾನೆ. ಆ ಕೈಯನ್ನು ಅಪ್ಪ ಹಿಡಿಯುವುದಿಲ್ಲ. ಮುಂದೆ ರೈಲು, ಕಿಟಕಿ, ಅಷ್ಟೇ. ಕೆಳಗೆ ತಾಳ ಮಾತ್ರ ಒಂದು ಏಟೂ ತಪ್ಪದೆ ಬಡಿಯುತ್ತಲೇ ಇದೆ. ಟೇಪನ್ನು ಹಿಂದಕ್ಕೆ ಸುತ್ತಿ ಮೂರು ಸಲ ನೋಡಿದೆವು. ಕಾಲಲ್ಲಿ ತಾಳ ಹಾಕುತ್ತಿದ್ದ ನನ್ನ ಗೆಳೆಯ ತಾಳ ನಿಲ್ಲಿಸಲೂ ಇಲ್ಲ, ಮಾತೂ ಆಡಲಿಲ್ಲ. ಕಾಲು ಕುಣಿಯುತ್ತದೆ, ಗಂಟಲು ಕಟ್ಟುತ್ತದೆ. ಇದನ್ನೇ ನಾನು ಹೇಳುತ್ತಿರುವುದು!

ಆಮೇಲಿನ ಆಲ್ಬಂ ‘ದಿ ಏಜ್ ಆಫ್ ಕನ್ಸೆಂಟ್’, ಅಂದರೆ ಸಮ್ಮತಿಯ ವಯಸ್ಸು. ಯುರೋಪಿನ ಯಾವ ದೇಶದಲ್ಲಿ ಸಲಿಂಗ ಸಂಬಂಧಕ್ಕೆ ಕಾನೂನಿನ ವಯಸ್ಸೆಷ್ಟು ಎಂಬ ಪಟ್ಟಿಯನ್ನೇ ಆ ರೆಕಾರ್ಡಿನ ಒಳ ಲಕೋಟೆಯಲ್ಲಿ ಅಚ್ಚು ಹಾಕಿದ್ದರು. ಆಗ ಬ್ರಿಟನ್ನಿನಲ್ಲಿ ಗಂಡು ಹೆಣ್ಣಿಗೆ 16, ಇಬ್ಬರು ಗಂಡಸರಿಗೆ 21. ಕುಣಿತದ ಹಾಡಿನ ತಟ್ಟೆಯಲ್ಲಿ ಕಾಯ್ದೆಯ ಪಾಠ! 1984ರ ಡಿಸೆಂಬರಿನಲ್ಲಿ ಇದೇ ತಂಡ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ನೆರವಿಗಾಗಿ ಲಂಡನ್ನಿನ ಕ್ಯಾಮ್ಡೆನ್ನಿನಲ್ಲಿ ಹಾಡಿತು.

ಅಪ್ಪನ ಕೈಯ ವಿಷಯದಲ್ಲೇ ಸಮಯ ಹೋಯಿತು, ಉಳಿದದ್ದನ್ನು ಓಡಿಸುತ್ತೇನೆ. 1985ರಲ್ಲಿ ಆ ತಂಡ ಬಿಟ್ಟು, ಪಿಯಾನೊ ನುಡಿಸುವ ರಿಚರ್ಡ್ ಕೋಲ್ಸ್ ಜೊತೆ ಕಮ್ಯುನಾರ್ಡ್ಸ್ ಕಟ್ಟಿದ. ಈ ಕೋಲ್ಸ್ ಮುಂದೆ ಚರ್ಚಿನ ಪಾದ್ರಿಯಾದದ್ದು ಬೇರೆಯೇ ಕಥೆ. 1986ರ ‘ಡೋಂಟ್ ಲೀವ್ ಮಿ ದಿಸ್ ವೇ’ ನಾಲ್ಕು ವಾರ ಮೊದಲ ಸ್ಥಾನದಲ್ಲಿ ಕೂತಿತು, ಆ ವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡು, ಅದೇ. ಅದರಲ್ಲಿ ಮಂದ್ರದ ದನಿ ಸಾರಾ ಜೇನ್ ಮಾರಿಸ್ ಎಂಬಾಕೆಯದು, ತಾರದ ದನಿ ಜಿಮ್ಮಿಯದು. ತಿಳಿಯದವರು ಪಂದ್ಯ ಕಟ್ಟಿದರೆ ಸೋಲುತ್ತಾರೆ. 1987ರಲ್ಲಿ ಗೆಳೆಯ ಮಾರ್ಕ್ ಆಷ್ಟನ್ ಏಡ್ಸ್‌ನಿಂದ 26ನೇ ವಯಸ್ಸಿಗೇ ತೀರಿಕೊಂಡಾಗ ಅವನಿಗಾಗಿಯೂ ಒಂದು ಹಾಡು ಬಂತು. ಆಮೇಲೆ ಒಂಟಿ ಪಯಣ. 2015ರಲ್ಲಿ, ಐವತ್ತು ದಾಟಿದ ಮೇಲೂ, ಹಳೆಯ ಡಿಸ್ಕೊ ಧಾಟಿಯಲ್ಲೇ ‘ಓಮಾಜ್’ ಎಂಬ ಆಲ್ಬಂ ಮಾಡಿದ.

ಗಾಜಿನಾಚೆ ಎಂಜಿನಿಯರರು ಬೆರಳೆತ್ತಿ ಅರ್ಧ ನಿಮಿಷ ಎನ್ನುತ್ತಿದ್ದಾರೆ. ಆ ‘ಸ್ಮಾಲ್‌ಟೌನ್ ಬಾಯ್’ ಹಾಕಿ ಸ್ವಾಮಿ, ನಾನು ಸುಮ್ಮನಾಗುತ್ತೇನೆ.