ಮಳೆಗಾಲದ ನಲ್ಲಿ, ಗೋಡೆ ಮತ್ತು ಪುಸ್ತಕದ ಕಪಾಟು

ಕೇಳುಗರಿಗೆ ನಮಸ್ಕಾರ.

ಡೊಂಬಿವಲಿಯ ಒಂದು ಕೋಣೆಯ ಮನೆಯಿರಲಿ, ಮುಲುಂಡಿನ ಹಳೆಯ ಸೊಸೈಟಿಯ ಫ್ಲ್ಯಾಟ್ ಇರಲಿ, ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಒಂದು ಗೋಡೆ ಪುಸ್ತಕಗಳದ್ದು. ಊರಿಗೆ ಹೋದಾಗ ಧಾರವಾಡದಲ್ಲೋ ಉಡುಪಿಯಲ್ಲೋ ಕೊಂಡು, ಬಸ್ಸಿನಲ್ಲಿ ಹೊತ್ತು ತಂದವು. ಜೊತೆಗೆ ಹಳೆಯ ದೀಪಾವಳಿ ವಿಶೇಷಾಂಕಗಳು. ಇವುಗಳಲ್ಲಿ ಹಲವು ಮತ್ತೆ ಅಚ್ಚಾಗಿಲ್ಲ, ಹಾಳಾದರೆ ಇನ್ನೊಂದು ಪ್ರತಿ ಸಿಗುವುದು ಕಷ್ಟ. ಜುಲೈ ಮುಗಿಯುವಷ್ಟರಲ್ಲಿ ಇವಕ್ಕೆ ಬೂಷ್ಟು ಹಿಡಿಯುತ್ತದೆ, ನಾವು ನುಸಿಗುಳಿಗೆ ತಂದು ಹಾಕುತ್ತೇವೆ. ನುಸಿಗುಳಿಗೆ ಹುಳವನ್ನು ದೂರವಿಡುತ್ತದೆ, ಬೂಷ್ಟನ್ನು ತಡೆಯುವುದಿಲ್ಲ. ಬೂಷ್ಟಿಗೆ ಬೇಕಾದದ್ದು ತೇವ. ಹಾಗಾಗಿ ಪುಸ್ತಕದ ಆರೈಕೆಯನ್ನು ಬಚ್ಚಲಮನೆಯಿಂದ ಶುರುಮಾಡಬೇಕು.

ಸಾಂತಾಕ್ರೂಜ್‌ನಲ್ಲಿ ಜುಲೈ ತಿಂಗಳೊಂದರ ವಾಡಿಕೆಯ ಮಳೆಯೇ 800 ಮಿಲಿಮೀಟರಿಗೂ ಹೆಚ್ಚು. ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡಾ 80ರ ಮೇಲೇ ಇರುತ್ತದೆ. ಕಾಗದಕ್ಕೆ ಬೂಷ್ಟು ಹಿಡಿಯಲು ಈ ತೇವಾಂಶ ಶೇಕಡಾ 65ರಿಂದ 70 ದಾಟಿ ಕೆಲವು ದಿನ ನಿಂತರೆ ಸಾಕು. ಇದರ ಮೇಲೆ ಮನೆಯೊಳಗೂ ನೀರು ಒಸರುತ್ತಿದ್ದರೆ ಗೋಡೆ ಒಣಗುವುದಾದರೂ ಯಾವಾಗ?

ಮೊದಲು ನಲ್ಲಿ ನೋಡೋಣ. ತೊಟ್ಟಿಕ್ಕುವ ನಲ್ಲಿಯಿಂದ ಎಷ್ಟು ನೀರು ಹೋಗುತ್ತದೆ ಎಂದು ತಿಳಿಯಲು ರಾತ್ರಿ ಹತ್ತಕ್ಕೆ ಕೆಳಗೆ ಬಕೆಟ್ ಇಡಿ. ಬೆಳಿಗ್ಗೆ ಆರಕ್ಕೆ ಮಗ್ಗಿನಲ್ಲಿ ಅಳೆದು ಮೂರರಿಂದ ಗುಣಿಸಿದರೆ ಒಂದು ದಿನದ ಲೆಕ್ಕ ಬರುತ್ತದೆ. ಮುಂಬಯಿ ನಗರದಲ್ಲಾದರೆ ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳಿಂದ ಅಷ್ಟು ದೂರ ಹರಿದು ಬಂದ ನೀರು ಅದು.

ಹಳೆಯ ಹಿತ್ತಾಳೆ ನಲ್ಲಿಯನ್ನು ಮೂರು ನಾಲ್ಕು ಸುತ್ತು ತಿರುಗಿಸಿದ ಮೇಲೆ ನಿಲ್ಲುತ್ತದೆ. ಒಳಗಿರುವುದು ಅರ್ಧ ಇಂಚಿನ ನಲ್ಲಿಯ ರಬ್ಬರ್ ವಾಷರ್. ಹೊಸ ನಲ್ಲಿ ಕಾಲು ಸುತ್ತಿಗೇ ನಿಲ್ಲುತ್ತದೆ. ಅದರ ಸ್ಪಿಂಡಲ್‌ನಲ್ಲಿ, ಅಂದರೆ ಹಿಡಿಯ ಕೆಳಗೆ ತಿರುಗುವ ಭಾಗದಲ್ಲಿ, ಸೆರಾಮಿಕ್ಕಿನ ಎರಡು ಬಿಲ್ಲೆಗಳಿವೆ. ಎರಡಕ್ಕೂ ಕೆಲಸ ಒಂದೇ ರೀತಿ ಆರಂಭವಾಗುತ್ತದೆ. ಆ ಲೈನಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರನ್ನು ಬಿಡಿ. ನೀರು ಹೋಗುವ ತೂತಿಗೆ ಬಟ್ಟೆ ಇಡಿ, ಇಲ್ಲದಿದ್ದರೆ ಸ್ಕ್ರೂ ಅದರೊಳಗೇ ಬೀಳುತ್ತದೆ. ಹಿಡಿಯ ಮೇಲಿನ ಮುಚ್ಚಳ ಎಬ್ಬಿಸಿ, ಸ್ಕ್ರೂ ತೆಗೆದು, ಹಿಡಿಯನ್ನು ಎಳೆದುಕೊಳ್ಳಿ. ಆಮೇಲೆ ತಲೆಭಾಗಕ್ಕೆ ಬಟ್ಟೆ ಸುತ್ತಿ ಪಾನಾ ಹಾಕಿ ಎಡಕ್ಕೆ ತಿರುಗಿಸಬೇಕು. ಆಗ ಇನ್ನೊಂದು ಕೈಯಲ್ಲಿ ನಲ್ಲಿಯ ಒಡಲನ್ನು ಗಟ್ಟಿಯಾಗಿ ಹಿಡಿದಿರಲೇಬೇಕು. ಹಿಡಿಯದಿದ್ದರೆ ತಿರುಚುವ ಬಲವೆಲ್ಲ ಗೋಡೆಯೊಳಗಿನ ಪೈಪಿನ ಜೋಡಣೆಗೆ ಬೀಳುತ್ತದೆ. ತೊಟ್ಟಿಕ್ಕುವುದು ನಿಂತರೂ ಗೋಡೆಯೊಳಗೆ ಕಾಣದ ಸೋರಿಕೆ ಶುರುವಾಗುತ್ತದೆ. ವಾಷರ್ ಬದಲಾಯಿಸಲು ಹೋಗಿ ಟೈಲ್ಸ್ ಒಡೆಸಬೇಕಾಗಿ ಬರುವುದು ಹೀಗೆಯೇ.

ವಾಷರ್ ತೆಗೆದ ಮೇಲೆ ಅದು ಕೂರುವ ಹಿತ್ತಾಳೆಯ ಅಂಚನ್ನು ಬೆರಳಿನಿಂದ ಸವರಿ. ಅಂಚು ತರಿತರಿಯಾಗಿದ್ದರೆ ಎಷ್ಟು ವಾಷರ್ ಹಾಕಿದರೂ ನೀರು ನಿಲ್ಲದು, ನಲ್ಲಿಯನ್ನೇ ಬದಲಾಯಿಸಬೇಕು. ಸೆರಾಮಿಕ್ ಸ್ಪಿಂಡಲ್ ಆದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಉದ್ದ ಮತ್ತು ಹಲ್ಲುಗಳ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ. ಸೊಸೈಟಿಯ ಟ್ಯಾಂಕ್ ತೊಳೆದ ಮರುದಿನ ಬರುವ ಮಣ್ಣು, ತುಕ್ಕು ಸೆರಾಮಿಕ್ ಬಿಲ್ಲೆಗಳನ್ನು ಗೀರುತ್ತದೆ. ಆ ದಿನ ಬಾಯಿಯ ಜಾಲರಿ ಬಿಚ್ಚಿಟ್ಟು, ನಲ್ಲಿಯನ್ನು ಪೂರ್ತಿ ತೆರೆದು, ಮೊದಲ ನೀರನ್ನು ಬಕೆಟ್ಟಿಗೆ ಬಿಟ್ಟುಕೊಂಡು ನೆಲ ತೊಳೆಯಲು ಬಳಸಿ.

ಇಡೀ ನಲ್ಲಿ ಬದಲಾಯಿಸುವುದಾದರೆ ಟೆಫ್ಲಾನ್ ಟೇಪ್ ಸುತ್ತುವ ದಿಕ್ಕು ಮುಖ್ಯ. ನಲ್ಲಿಯ ಮರೆಯ, ಅಂದರೆ ತಿರುಪಿನ ಗೆರೆಗಳ, ತುದಿ ನಿಮ್ಮ ಕಡೆಗಿರಲಿ, ಟೇಪ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಹೋಗಲಿ. ಮೊದಲ ಮರೆ ಬಿಟ್ಟು, ಬಿಗಿಯಾಗಿ ಎಳೆದು ಎಂಟು ಹತ್ತು ಸುತ್ತು ಸಾಕು. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುವಾಗ ಟೇಪ್ ಬಿಚ್ಚಿಕೊಂಡು ಮುದ್ದೆಯಾಗುತ್ತದೆ, ಸೋರುತ್ತದೆ.

ಕಮೋಡಿನ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತದೆ. ಟ್ಯಾಂಕಿನೊಳಕ್ಕೆ ಬಟ್ಟೆಗೆ ಹಾಕುವ ನೀಲಿಯ ಹತ್ತು ಹನಿ ಬಿಟ್ಟು ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನೊಳಗೆ ನೀಲಿ ಇಳಿದು ಬಂದರೆ ತಳದ ವಾಷರ್ ಹೋಗಿದೆ ಎಂದರ್ಥ.

ಇನ್ನು ಗೋಡೆ. ಒದ್ದೆ ಗೋಡೆಗೆ ಬಣ್ಣ ಬಳಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆಮಾಡಬೇಕು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮುಂಬದಿಯಲ್ಲಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಅದನ್ನು ಒಣಗಿಸುವುದು ಕಿಟಕಿ, ಫ್ಯಾನುಗಳ ಕೆಲಸ. ಒದ್ದೆ ಮಳೆಗಾಲದಲ್ಲಿ ಮಾತ್ರ ಕಂಡರೆ ಹೊರಗೋಡೆಯ ಬಿರುಕು ಅಥವಾ ಟೆರೇಸನ್ನು ಅನುಮಾನಿಸಿ. ಮಾರ್ಚಿಯಲ್ಲೂ ಇದ್ದರೆ ಪೈಪು ಅಥವಾ ಮೇಲಿನ ಮನೆಯ ಬಚ್ಚಲಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಜಾಲರಿಯ ಕೆಳಗಿನ ಭಾಗ) ಕಾರಣವಿರುತ್ತದೆ. ಮೇಲಿನ ಮನೆಯವರೊಂದಿಗೆ ಜಗಳವಾಗುವ ಮೊದಲು ಅವರನ್ನು ಒಪ್ಪಿಸಿ ಒಂದು ಪರೀಕ್ಷೆ ಮಾಡಿ: ಟ್ರ್ಯಾಪ್‌ನ ಬಾಯಿ ಮುಚ್ಚಿ, ಬಚ್ಚಲಲ್ಲಿ ಒಂದು ಇಂಚು ನೀರು ರಾತ್ರಿಯಿಡೀ ನಿಲ್ಲಲಿ. ಬೆಳಿಗ್ಗೆ ನಿಮ್ಮ ಛಾವಣಿಯ ಕಲೆ ಹಿಗ್ಗಿದ್ದರೆ ಟೈಲ್ಸ್ ಸಂದಿಯ ಗ್ರೌಟ್ ಅಥವಾ ಟ್ರ್ಯಾಪ್‌ನ ಸುತ್ತಿನ ಜೋಡಣೆ ಬಿಟ್ಟಿದೆ. ಸಂದಿಗೆ ಬಿಳಿ ಸಿಮೆಂಟ್ ಬಳಿದರೆ ಸ್ವಲ್ಪ ಕಾಲಕ್ಕೆ ಬಿರುಕು ಬಿಡುತ್ತದೆ. ಹಳೆಯದನ್ನು ಎರಡು ಮೂರು ಮಿಲಿಮೀಟರ್ ಆಳಕ್ಕೆ ಕೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿ 24 ಗಂಟೆ ನೀರು ತಾಗಿಸದಿದ್ದರೆ ಬಾಳಿಕೆ ಬರುತ್ತದೆ. ಹೊರಗೋಡೆ ಮತ್ತು ಟೆರೇಸಿನ ಸೋರಿಕೆ ಸೊಸೈಟಿಯ ಹೊಣೆ. ಸೆಕ್ರೆಟರಿಗೆ ಬಾಯಿಮಾತಲ್ಲಿ ಹೇಳದೆ ಫೋಟೋ ಸಮೇತ ಪತ್ರ ಕೊಟ್ಟು, ನಕಲಿಗೆ ಸಹಿ ಪಡೆಯಿರಿ.

ಬಾಗಿಲು ಉಬ್ಬಿ ಹಿಡಿಯುತ್ತಿದೆಯೇ? ಜುಲೈಯಲ್ಲಿ ಹತ್ತರಿ ಹೊಡೆಸಬೇಡಿ. ಡಿಸೆಂಬರಿಗೆ ಮರ ಒಣಗಿ ಕುಗ್ಗಿದಾಗ ಸಂದಿ ಬೀಳುತ್ತದೆ. ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲವಾಗಿ ಬಾಗಿಲು ಜೋತುಬಿದ್ದಿದೆಯೇ ಎಂದು ಮೊದಲು ನೋಡಿ. ಸ್ಕ್ರೂ ಹಿಡಿಯದ ತೂತಿಗೆ ಮರದ ಬೆಂಕಿಕಡ್ಡಿಗಳನ್ನು ಮದ್ದಿನ ತುದಿ ಮುರಿದು ತೆಗೆದು, ಫೆವಿಕಾಲ್ ಹಚ್ಚಿ ತುರುಕಿ, ಒಣಗಿದ ಮೇಲೆ ಅಂಚಿಗೆ ಕತ್ತರಿಸಿ ಮತ್ತೆ ಸ್ಕ್ರೂ ಹಾಕಿದರೆ ಗಟ್ಟಿ ಕೂರುತ್ತದೆ. ಉಜ್ಜುವ ಕಡೆಗೆ ಮೇಣದ ಬತ್ತಿ ತಿಕ್ಕಿದರೆ ಮಳೆಗಾಲ ಕಳೆಯುತ್ತದೆ. ಬೇಸಿಗೆಯಲ್ಲಿ ಬಾಗಿಲಿನ ಕೆಳಅಂಚಿಗೂ ಬಣ್ಣ ಹೊಡೆಸಿ. ಬಡಗಿಗಳು ಬಿಟ್ಟುಬಿಡುವ ಜಾಗ ಅದು, ಮರ ನೀರು ಕುಡಿಯುವುದೂ ಅಲ್ಲಿಂದಲೇ.

ಈಗ ಕಪಾಟಿಗೆ ಬರೋಣ. ಹೊರಗೋಡೆಗೆ ಒರಗಿಸಿದ ಕಪಾಟಿನ ಹಿಂಭಾಗದಲ್ಲಿ ಗಾಳಿ ಆಡುವುದಿಲ್ಲ, ಬೂಷ್ಟು ಮೊದಲು ಕಾಣುವುದು ಅಲ್ಲಿ. ಮನೆಯ ನಡುವಿನ ಗೋಡೆಗೆ ಕಪಾಟು ಸರಿಸಿ, ಗೋಡೆಯಿಂದ ಮೂರು ಇಂಚು ಬಿಡಿ. ಪುಸ್ತಕಗಳ ಹಿಂದೆಯೂ ಒಂದು ಇಂಚು ಇರಲಿ. ಬಿಗಿಯಾಗಿ ತುರುಕಿದ ಸಾಲಿಗೆ ತೇವ ಹೊಕ್ಕರೆ ಹೊರಗೆ ಬಾರದು. ಆಗಾಗ ತೆಗೆದು ಓದುವ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಅಪರೂಪ, ಹಾಳೆ ತಿರುವಿದಾಗಲೆಲ್ಲ ಗಾಳಿ ಆಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮೂಲೆಯ ಸಾಲಿನಿಂದಲೇ ಓದಲು ಆರಿಸಿಕೊಳ್ಳಿ. ಪ್ರಿಯವಾಗಿದ್ದೂ ಮರೆತುಹೋದ ಕಥಾಸಂಕಲನಗಳು ಅಲ್ಲಿಯೇ ಇರುತ್ತವೆ.

ತೆರೆದ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುವುದು ವ್ಯರ್ಥ. ಅದು ಮುಂಬಯಿಯ ಗಾಳಿಯನ್ನೆಲ್ಲ ಒಣಗಿಸಲಾರದು. ಅಪರೂಪದ ಪುಸ್ತಕಗಳನ್ನು ಮೇ ತಿಂಗಳಲ್ಲಿ, ಅವು ಒಣಗಿರುವಾಗಲೇ, ಮುಚ್ಚಳ ಬಿಗಿಯಾಗುವ ಡಬ್ಬದಲ್ಲಿಟ್ಟು ಜೊತೆಗೆ ಜೆಲ್ ಹಾಕಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ತೇವ ತುಂಬಿದೆ. ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಬೇವಿನೆಲೆ ಹಾಕುವವರು ಪೂರ್ತಿ ಒಣಗಿದ ಎಲೆ ಹಾಕಬೇಕು. ಹಸಿ ಎಲೆಯಿಂದ ತೇವವೇ ಸೇರುತ್ತದೆ.

ಬೂಷ್ಟು ಹಿಡಿದ ಪುಸ್ತಕವನ್ನು ಒದ್ದೆಯಿರುವಾಗ ಒರೆಸಬೇಡಿ, ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಮೊದಲು ಫ್ಯಾನಿನ ಕೆಳಗೆ ಒಣಗಲಿ. ಆಮೇಲೆ ಮಾಸ್ಕ್ ಕಟ್ಟಿಕೊಂಡು, ಬಾಲ್ಕನಿಯಲ್ಲಿ ಮೆತ್ತನೆಯ ಬ್ರಷ್ಷಿನಿಂದ ನಿಮ್ಮಿಂದ ಆಚೆಗೆ ಝಾಡಿಸಿ. ಪುಸ್ತಕ ಪೂರ್ತಿ ನೆನೆದಿದ್ದರೆ ನಿಮಗಿರುವ ಸಮಯ ಸುಮಾರು 48 ಗಂಟೆ, ಅಷ್ಟರೊಳಗೆ ಬೂಷ್ಟು ಶುರುವಾಗುತ್ತದೆ. ಇಪ್ಪತ್ತು ಇಪ್ಪತ್ತೈದು ಪುಟಕ್ಕೊಂದರಂತೆ ಅಚ್ಚಿಲ್ಲದ ಟಿಶ್ಯೂ ಕಾಗದ ಇಟ್ಟು ಬದಲಾಯಿಸುತ್ತಿರಿ. ಪತ್ರಿಕೆಯ ಹಾಳೆಯ ಶಾಯಿ ಹತ್ತುತ್ತದೆ. ಬಿಸಿಲಿಗಿಟ್ಟರೆ ರಟ್ಟು ಸೊಟ್ಟಗಾಗುತ್ತದೆ. ನೆನೆದ ಪುಸ್ತಕಗಳು ತುಂಬ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಬೂಷ್ಟು ಅಲ್ಲಿಗೆ ನಿಲ್ಲುತ್ತದೆ, ಒಂದೊಂದಾಗಿ ತೆಗೆದು ಒಣಗಿಸಬಹುದು.

ಕಳಚಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಅದರ ಅಂಟು ಹಳದಿಯಾಗಿ ಅಕ್ಷರಗಳ ಮೇಲೆ ಹರಡುತ್ತದೆ, ಕೀಳಲು ಹೋದರೆ ಕಾಗದವೂ ಕಿತ್ತು ಬರುತ್ತದೆ. ಪುಟದ ಒಳಅಂಚಿಗೆ ಎರಡು ಮಿಲಿಮೀಟರ್ ಅಗಲಕ್ಕೆ, ತುಸು ನೀರು ಬೆರೆಸಿದ ಫೆವಿಕಾಲನ್ನು ಸಣ್ಣ ಬ್ರಷ್ಷಿನಿಂದ ಹಚ್ಚಿ ಕೂರಿಸಿ. ಎರಡೂ ಕಡೆ ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ಭಾರ ಹೇರಿ.

ವಿಶೇಷಾಂಕಗಳ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಚಾಕುವಿನ ಮೊಂಡು ತುದಿಯಿಂದ ಪಿನ್ನಿನ ಕಾಲು ಬಿಡಿಸಿ ತೆಗೆದು, ಮಡಿಕೆಯಲ್ಲಿ ಮೂರು ತೂತು ಮಾಡಿಕೊಳ್ಳಿ: ನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ದಪ್ಪ ನೂಲಿನ ದಾರಕ್ಕೆ ಮೇಣ ತಿಕ್ಕಿ. ಸೂಜಿ ಒಳಗಿನಿಂದ ನಡುವಿನ ತೂತಿನಲ್ಲಿ ಹೊರಬರಲಿ, ಮೇಲಿನದರಲ್ಲಿ ಒಳಹೋಗಲಿ, ಒಳಗೇ ಉದ್ದಕ್ಕೆ ಇಳಿದು ಕೆಳಗಿನದರಲ್ಲಿ ಹೊರಬಂದು ಮತ್ತೆ ನಡುವಿನದರಲ್ಲಿ ಒಳಸೇರಲಿ. ದಾರದ ಎರಡು ತುದಿಗಳನ್ನು ಆ ಉದ್ದದ ಎಳೆಯ ಎರಡು ಬದಿಗೆ ತಂದು, ಅದರ ಮೇಲೆ ಗಂಟು ಹಾಕಿ, ಅರ್ಧ ಇಂಚು ಬಿಟ್ಟು ಕತ್ತರಿಸಿ. ಗಂಟಿಗೆ ಮೊದಲು ದಾರವನ್ನು ಮೇಲಕ್ಕೆ ಎಳೆಯದೆ ಮಡಿಕೆಯ ಉದ್ದಕ್ಕೇ ಎಳೆದು ಬಿಗಿಮಾಡಿ, ಇಲ್ಲವಾದರೆ ಹಳೆಯ ಕಾಗದದ ತೂತು ಹರಿದುಕೊಳ್ಳುತ್ತದೆ.

ನಮಸ್ಕಾರ.