ಯಾವ ಬಟನ್ ಒತ್ತಿದರೂ 9

ಕೇಳುಗರಿಗೆ ನಮಸ್ಕಾರ. ಮಂಡ್ಯದಲ್ಲಿ ನಮ್ಮ ಸೋದರಮಾವನದು ಒಂದು ಬೆಲ್ಲದ ಮಂಡಿ ಇದೆ. ಅಲ್ಲಿ ಬಿಲ್ ಹಾಕಲು ಒಂದು ಹಳೇ ಕಂಪ್ಯೂಟರ್. "ಫೋನಲ್ಲಿರೋ ಅಂಕಿ ಕಾಣಕ್ಕಿಲ್ಲ ಕಣ್ಲಾ, ಇದ್ರಲ್ಲೇ ದೊಡ್ಡದಾಗಿ ಒಂದು ಕ್ಯಾಲ್ಕುಲೇಟರ್ ಮಾಡ್ಕೊಡು" ಅಂದರು. ಅದೇನು ಮಹಾ ಅಂತ ಒಪ್ಪಿಕೊಂಡೆ.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಪರದೆ ಮೇಲೆ ಬಟನ್ ಗಿಟನ್ ಮೂಡಿಸಲು ಟಿಕಿಂಟರ್ ಅಂತ ಒಂದು ಸಲಕರಣೆ ಇದೆ. ಮೇಲೆ ಅಂಕಿ ಕಾಣಿಸಲು ಒಂದು ಪಟ್ಟಿ, ಕೆಳಗೆ ನಾಲ್ಕು ಸಾಲು ಬಟನ್. ಗ್ರಿಡ್‌ನಲ್ಲಿ ಜೋಡಿಸಿದೆ, ಅಕ್ಷರ ದೊಡ್ಡದು ಮಾಡಿದೆ, ಅರ್ಧ ಗಂಟೆಯಲ್ಲಿ ನೋಡೋಕೆ ಚೆನ್ನಾಗೇ ಆಯಿತು.

3 ಒತ್ತಿದೆ. 9 ಬಂತು. 5 ಒತ್ತಿದರೂ 9, ಸೊನ್ನೆ ಒತ್ತಿದರೂ 9!

ಆಗಿದ್ದು ಇಷ್ಟೇ. ಹತ್ತು ಬಟನ್‌ಗೆ ಹತ್ತು ಸಲ ಬರೆಯುವ ಸೋಮಾರಿತನಕ್ಕೆ 0ಯಿಂದ 9ರವರೆಗೆ ಒಂದು ಲೂಪ್, ಅಂದರೆ ಅದೇ ಕೆಲಸ ಸುತ್ತಿ ಸುತ್ತಿ ಮಾಡಿಸುವ ಸಾಲು ಹಾಕಿ, ಆಯಾ ಸುತ್ತಿನ ಅಂಕಿಗೆ 'ಡಿ' ಅಂತ ಹೆಸರಿಟ್ಟು, ಒತ್ತಿದಾಗ ಏನಾಗಬೇಕು ಅನ್ನುವುದನ್ನು ಲ್ಯಾಂಬ್ಡಾ ಅನ್ನುವ ಹೆಸರಿಲ್ಲದ ಪುಟ್ಟ ಫಂಕ್ಷನ್ನಿನಲ್ಲಿ ಬರೆದಿದ್ದೆ. ಬಟನ್ ತಯಾರಾಗುವಾಗ ಅದು ತನ್ನ ಅಂಕಿಯನ್ನು ಜೇಬಿಗೆ ಹಾಕಿಕೊಂಡಿರುವುದಿಲ್ಲ, ನಾವು ಒತ್ತಿದಾಗಲೇ ಹೋಗಿ ನೋಡುತ್ತದೆ, ಅಷ್ಟು ಹೊತ್ತಿಗೆ ಲೂಪ್ ಮುಗಿದು 9ರ ಹತ್ತಿರ ನಿಂತುಬಿಟ್ಟಿರುತ್ತದೆ. ಲ್ಯಾಂಬ್ಡಾ ಪಕ್ಕದಲ್ಲಿ 'ಡಿ ಈಕ್ವಲ್ ಟು ಡಿ' ಅಂತ ಸೇರಿಸಿದೆ. ಆಗ ಪ್ರತಿ ಬಟನ್ನೂ ತನ್ನ ಅಂಕಿಯನ್ನು ಆಗಲೇ ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟು ಗೊತ್ತಾಗಲು ಒಂದು ಸಂಜೆ ಹೋಯಿತು.

ಲೆಕ್ಕ ಮಾಡಲು ಇವ್ಯಾಲ್ ಅನ್ನುವ ಸುಲಭದ ದಾರಿ ಇದೆ. ಪಟ್ಟಿಯಲ್ಲಿ ಇರುವುದನ್ನೆಲ್ಲ ಪೈಥಾನ್‌ಗೇ ಕೊಟ್ಟುಬಿಡುವುದು. ಆದರೆ ಅಲ್ಲಿ ಯಾರಾದರೂ ಏನಾದರೂ ಟೈಪ್ ಮಾಡಿದರೆ ಅದನ್ನೂ ಸುಮ್ನೆ ನಡೆಸಿಬಿಡುತ್ತದೆ, ಅಪಾಯ ಅಲ್ವಾ? ಅದಕ್ಕಿಂತ ಜಾಸ್ತಿ ತಲೆನೋವಾಗಿದ್ದು ಮಾವನ ಲೆಕ್ಕ. ಒಂದು ಚೀಲ 50 ಕೆಜಿ, ಇನ್ನೊಂದು 30, ಕೆಜಿಗೆ 40 ರೂಪಾಯಿ. ಅವರು 50 ಕೂಡು 30 ಗುಣಿಸು 40 ಅಂತ ಒಂದೇ ಉಸಿರಿಗೆ ಒತ್ತಿದರು. 1250 ಬಂತು! ಗಣಿತದ ನಿಯಮಕ್ಕೆ ಅದು ಸರಿ, ಗುಣಾಕಾರ ಮೊದಲು. ಆದರೆ ಮೇಜಿನ ಮೇಲಿದ್ದ ಹಳೇ ಕ್ಯಾಲ್ಕುಲೇಟರ್ 3200 ತೋರಿಸುತ್ತಿತ್ತು, ಮಾವನಿಗೆ ಬರಬೇಕಾದ ದುಡ್ಡೂ ಅಷ್ಟೇ.

ಇವ್ಯಾಲ್ ಕಿತ್ತುಹಾಕಿದೆ. ಮೊದಲ ಸಂಖ್ಯೆಯನ್ನೂ ಚಿಹ್ನೆಯನ್ನೂ ನೆನಪಿಟ್ಟುಕೊಂಡು, ಮುಂದಿನ ಚಿಹ್ನೆ ಒತ್ತಿದ ತಕ್ಷಣ ಹಿಂದಿನದನ್ನು ಮುಗಿಸುವ ಹಾಗೆ ಬರೆದೆ. ಅಂದ ಹಾಗೆ, 0.1 ಕೂಡು 0.2 ಅಂದರೆ ಪೈಥಾನ್ 0.3ರ ಮುಂದೆ ಸಾಲಾಗಿ ಸೊನ್ನೆ ಬರೆದು ಬಾಲದಲ್ಲಿ ಒಂದು 4 ಅಂಟಿಸುತ್ತದೆ. ಅದಕ್ಕೆ ಡೆಸಿಮಲ್ ಬಳಸಿದೆ, ಅದು ಪೈಥಾನ್‌ನಲ್ಲೇ ಇರುವ, ದಶಮಾಂಶವನ್ನು ನಾವು ಬರೆಯುವ ಹಾಗೇ ಲೆಕ್ಕ ಹಾಕುವ ಸಲಕರಣೆ. ಸೊನ್ನೆಯಿಂದ ಭಾಗಿಸಿದರೆ 'ಆಗಲ್ಲ' ಅಂತ ಕನ್ನಡದಲ್ಲೇ ಬರುತ್ತದೆ.

ಮೊನ್ನೆ ಮಾವ ಫೋನ್ ಮಾಡಿದ್ದರು. ಹಳೇದರಲ್ಲಿ ಎರಡು ಸೊನ್ನೆಯ ಬಟನ್ ಇತ್ತಲ್ಲ, ಇದರಲ್ಲಿ ಎಲ್ಲಿ ಅಂತ. ಅದನ್ನು ಹಾಕಬೇಕು. ನಮಸ್ಕಾರ.